ಆನೆಯ ದಾರಿಯಲ್ಲಿ ಜೇನುಪೆಟ್ಟಿಗೆ

ಕೊಡಗಿನ ಕಾಡಂಚಿನ ಕಾಫಿ ತೋಟಗಳಿಗೆ ಆನೆ ಬಾರದಂತೆ ಕಂದಕ ತೋಡಿದ್ದಾಯಿತು, ಸೋಲಾರ್ ಬೇಲಿ ಎಳೆದದ್ದಾಯಿತು, ಹಳೆಯ ರೈಲು ಕಂಬಿಗಳನ್ನು ನೆಟ್ಟದ್ದೂ ಆಯಿತು. ಆನೆ ಕಂದಕದ ದಂಡೆಯನ್ನು ತುಳಿದು ಕುಸಿಯುವಂತೆ ಮಾಡುತ್ತದೆ. ವಿದ್ಯುತ್ ತಂತಿಯ ಮೇಲೆ ಮರ ಕೆಡವಿ ದಾಟುತ್ತದೆ. ಸೃಜನಶೀಲತೆ ಮನುಷ್ಯನೊಬ್ಬನದೇ ಸೊತ್ತು ಎನ್ನುವವರು ಅಂಥ ಬೇಲಿಯನ್ನೊಮ್ಮೆ ನೋಡಿ ಬರುವುದು ಒಳ್ಳೆಯದು. 2021ರ ಮಾರ್ಚ್‌ನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ನಾಗರಹೊಳೆಯ ಅಂಚಿನಲ್ಲಿ ಮತ್ತೊಂದು ಬಗೆಯ ತಡೆಯನ್ನು ಪ್ರಯೋಗಕ್ಕಿಟ್ಟಿತು: ಜೇನುಪೆಟ್ಟಿಗೆಗಳ ಬೇಲಿ.

ಇದರ ಬೇರು ಕೆನ್ಯಾದಲ್ಲಿದೆ. ಜೇನುಗೂಡುಗಳಿರುವ ಮರಗಳನ್ನು ಆನೆಗಳು ಮುರಿಯದೆ ಬಿಡುತ್ತವೆ ಎಂಬುದನ್ನು ಅಲ್ಲಿನ ಸಂಶೋಧಕರು 2002ರಲ್ಲಿ ದಾಖಲಿಸಿದರು. ಬೆಟ್ಟದಂಥ ಪ್ರಾಣಿಗೂ ಬೆರಳುಗುರಿನಷ್ಟು ಹುಳುವಿಗೂ ನಂಟು ಕಾಣುವುದು ಕಲ್ಪನೆಯ ಕೆಲಸ, ಮನೋವಿಜ್ಞಾನಿ ಜೆ.ಪಿ. ಗಿಲ್ಫರ್ಡ್ ಇಂಥ ಯೋಚನೆಯನ್ನು, ಹಲವು ದಿಕ್ಕಿಗೆ ಹರಿಯುವ ಬಹುಮುಖ ಚಿಂತನೆಯೆಂದು ಗುರುತಿಸಿ, ಒಂದೇ ಉತ್ತರದತ್ತ ಸಾಗುವ ಏಕಮುಖ ಚಿಂತನೆಯಿಂದ ಬೇರ್ಪಡಿಸಿದರು. ಆದರೆ ಇವೆರಡನ್ನೂ ಬೇರೆಬೇರೆ ಜನರ ಸ್ವಭಾವವೆಂದು ಭಾವಿಸುವುದು ನನಗೆ ಒಪ್ಪಿಗೆಯಿಲ್ಲ. ಕೆನ್ಯಾದಲ್ಲಿ ಆನೆಗಳ ಸಂಶೋಧಕಿ ಲೂಸಿ ಕಿಂಗ್ ನಡೆಸಿದ 2007ರ ಅಧ್ಯಯನವನ್ನೇ ನೋಡಿ. ಅವರು ಮರದ ನೆರಳಿನಲ್ಲಿದ್ದ ಆನೆಗಳಿಗೆ ಕೆರಳಿದ ಜೇನಿನ ಧ್ವನಿಮುದ್ರಣವನ್ನು ಕೇಳಿಸಿದಾಗ 17 ಕುಟುಂಬಗಳಲ್ಲಿ 16 ಕುಟುಂಬಗಳು 80 ಸೆಕೆಂಡುಗಳೊಳಗೆ ಜಾಗ ಬಿಟ್ಟವು. ಅಷ್ಟಕ್ಕೇ ತೃಪ್ತರಾಗಿದ್ದರೆ, ಆನೆ ಬೆದರಿದ್ದು ಜೇನಿಗೋ ಯಾವುದೋ ಸದ್ದಿಗೋ ಎಂಬುದು ತಿಳಿಯುತ್ತಿರಲಿಲ್ಲ. ಆದ್ದರಿಂದ ಬೇರೆ ಕುಟುಂಬಗಳಿಗೆ ಜೇನಿನದಲ್ಲದ ಬರಿಯ ಸದ್ದನ್ನೂ ಕೇಳಿಸಿದರು, ಅಷ್ಟೇ ಹೊತ್ತಿನಲ್ಲಿ ಅವುಗಳಲ್ಲಿ ಹೆಚ್ಚಿನವು ಕದಲಲಿಲ್ಲ. ಈ ಎರಡನೆಯ ಸದ್ದನ್ನು ಯೋಚಿಸಿದ್ದು ತರ್ಕವೇ, ಆದರೆ ಅದಕ್ಕೂ ಕಲ್ಪನೆ ಬೇಕು.

ಇನ್ನೊಂದು ತೊಡಕಿತ್ತು: ಆನೆ ಬರುವುದು ಹೆಚ್ಚಾಗಿ ರಾತ್ರಿ, ಆಗ ಜೇನು ಗೂಡು ಬಿಟ್ಟು ಹೊರಡುವುದಿಲ್ಲ. ಅದಕ್ಕಾಗಿ ಪೆಟ್ಟಿಗೆಗಳನ್ನು ತಂತಿಯಿಂದ ಒಂದಕ್ಕೊಂದು ಬಿಗಿದು ತೂಗುಹಾಕಿದರು. ಆನೆ ತಂತಿಯನ್ನು ನೂಕಿದರೆ ಪೆಟ್ಟಿಗೆಗಳು ಅಲುಗಿ ಹುಳುಗಳು ಏಳುತ್ತವೆ. ನಾವೀನ್ಯವೆಂದು ನಾನು ಕರೆಯುವುದು ಈ ತಂತಿಯನ್ನು.

ಕೊಡಗಿನಲ್ಲಿ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಬೇಕು. ನಮ್ಮ ಪೆಟ್ಟಿಗೆಯ ತುಡುವೆ ಜೇನು ಆಫ್ರಿಕದ ಜೇನಿನಷ್ಟು ಉಗ್ರವಲ್ಲ, ಮೇವು ಕಡಿಮೆಯಾದರೆ ಗೂಡು ಬಿಟ್ಟು ಹೋಗುವ ಚಾಳಿಯೂ ಅದಕ್ಕಿದೆ. ಹಲಸಿನ ಹಣ್ಣಿನ ವಾಸನೆಗೆ ಆನೆ ತೋಟಕ್ಕಿಳಿಯುವ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಹೂವಿಲ್ಲದ ಆ ತಿಂಗಳುಗಳಲ್ಲಿ ಜೇನು ಸಾಕುವವರು ಸಕ್ಕರೆ ಪಾಕವಿಟ್ಟು ಜೇನು ಕುಟುಂಬಗಳನ್ನು ಉಳಿಸಿಕೊಳ್ಳಬೇಕು. ಆಗ ಪೆಟ್ಟಿಗೆಯಲ್ಲಿ ಎಷ್ಟು ಹುಳುಗಳು ಉಳಿದಿವೆ ಎಂದು ಮುಚ್ಚಳ ತೆರೆದು ನೋಡದೆ, ಆನೆ ಬಾರದಿದ್ದುದಕ್ಕೆ ಬೇಲಿಯೇ ಕಾರಣವೆಂದು ಹೇಳಲಾಗದು.