ಹೋಮರ್‌ನ ಆಕಾಶದಲ್ಲಿದ್ದ ಕೆಂಪು ಎಲ್ಲಿ ಹೋಯಿತು?

ಜಲವರ್ಣ ಮಕ್ಕಳಾಟ, ನಿಜವಾದ ಕಲೆ ತೈಲವರ್ಣದ್ದು ಅನ್ನುವವರು ಇನ್ನೂ ಇದ್ದಾರೆ. ಅವರ ಕೈಗೊಮ್ಮೆ ಬ್ರಷ್ ಕೊಟ್ಟು ನೋಡಬೇಕು. ತೈಲದಲ್ಲಿ ತಪ್ಪಾದರೆ ಮೇಲೆ ಬಿಳಿ ಬಳಿದು ಮುಚ್ಚಬಹುದು. ಇಲ್ಲಿ ಕಾಗದವೇ ಬಿಳಿ. ಅದು ಕೊಳೆಯಾಯಿತೋ, ಕಥೆ ಮುಗೀತು.

ಬೆಳಕು ತೆಳು ಬಣ್ಣವನ್ನು ದಾಟಿ ಕಾಗದಕ್ಕೆ ಬಡಿಯುತ್ತದೆ. ವಾಪಸ್ ಬರುವಾಗ ಅದೇ ಬಣ್ಣವನ್ನು ಮತ್ತೆ ದಾಟಬೇಕು. ಹೋಗುವಾಗ ಒಂದು ಟೋಲ್, ಬರುವಾಗ ಇನ್ನೊಂದು! ಒಂದು ದಾಟಿಗೆ ಅರ್ಧ ಬೆಳಕು ಕಳೆದರೆ ಕಣ್ಣಿಗೆ ಸಿಗುವುದು ಕಾಲು ಭಾಗ. ಬಿಳಿ ಪಂಚೆಯ ಮೇಲೆ ತೆಳು ಸೀರೆ ಹರಡಿದ ಹಾಗೆ: ಹೊಳಪು ಪಂಚೆಯದ್ದು, ಬಣ್ಣ ಸೀರೆಯದ್ದು. ಸೀರೆಯನ್ನು ಮಡಿಸಿ ಹಾಕಿದರೆ ಪಂಚೆ ಸತ್ತೇ ಹೋಗುತ್ತದೆ.

ಅಮೆರಿಕದ ವಿನ್ಸ್ಲೋ ಹೋಮರ್‌ಗೆ (1836–1910) ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ಪತ್ರಿಕೆಗಳಿಗೆ ಚಿತ್ರ ಬರೆದು ಬದುಕುತ್ತಿದ್ದವನು ಜಲವರ್ಣವನ್ನು ಗಟ್ಟಿಯಾಗಿ ಹಿಡಿದದ್ದು 1873ರಲ್ಲಿ, 37ರ ವಯಸ್ಸಿನಲ್ಲಿ. ಅವನ ನೀರಿನ ಮಿಂಚು ಕಂಡು ಬೆರಗಾಗುತ್ತೇವಲ್ವಾ? ಎಷ್ಟೋ ಕಡೆ ಅದು ಒಣಗಿದ ಬಣ್ಣವನ್ನು ಚಾಕುವಿನಿಂದ ಕೆರೆದಾಗ ಹೊರಬಂದ ಕಾಗದ, ಅಷ್ಟೆ. ಕೆಲವು ಕಡೆ ಒದ್ದೆ ಬಣ್ಣವನ್ನು ಒತ್ತಿ ಹೀರಿ ತೆಗೆದಿದ್ದಾನೆ. ಬಳಿಯುವುದಕ್ಕಿಂತ ತೆಗೆಯುವುದೇ ಅವನ ಕೈಚಳಕ ಅನ್ನಿಸುತ್ತದೆ ನನಗೆ.

ಆದರೆ ತೆಗೆಯುವ ಕೆಲಸವನ್ನು ಬಿಸಿಲೂ ಮಾಡುತ್ತದೆ. ಅವನ 1887ರ ‘ಫಾರ್ ಟು ಬಿ ಎ ಫಾರ್ಮರ್ಸ್ ಬಾಯ್’ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಈಗ ನೋಡಿದರೆ ಆಕಾಶ ಹೆಚ್ಚುಕಮ್ಮಿ ಬಿಳಿ. ಆ ಕಾಲದ ಎಷ್ಟೋ ಕೆಂಪುಗಳು ಮ್ಯಾಡರ್ ಬೇರಿನಿಂದಲೋ ಕೊಚಿನೀಲ್ ಹುಳದಿಂದಲೋ ಬರುತ್ತಿದ್ದವು. ಬೆಳಕು ಕುಡಿದ ಆ ಅಣುಗಳು ಗಾಳಿಯ ಆಮ್ಲಜನಕ ಸಿಕ್ಕರೆ ಒಡೆಯುತ್ತವೆ. ರಸೆಲ್ ಮತ್ತು ಆಬ್ನಿ ಅನ್ನುವ ವಿಜ್ಞಾನಿಗಳು 1888ರಲ್ಲೇ ತೋರಿಸಿದ್ದರು: ಗಾಳಿ ತೆಗೆದ ಕೊಳವೆಯಲ್ಲಿಟ್ಟರೆ ಬಹುಪಾಲು ಜಲವರ್ಣಗಳು ಅಷ್ಟು ಬೇಗ ಮಾಸುವುದಿಲ್ಲ.

ಮಾಯವಾದ ಬಣ್ಣವನ್ನು ಗುರುತಿಸುವುದು ಹೇಗೆ? ಇಲ್ಲಿ ನಮ್ಮ ಸಿ.ವಿ. ರಾಮನ್ ಬರುತ್ತಾರೆ. 1928ರಲ್ಲಿ ಕಲ್ಕತ್ತಾದಲ್ಲಿ ಅವರು ಕಂಡ ಬೆಳಕಿನ ಚದುರುವಿಕೆ ಪ್ರತಿ ಅಣುವಿಗೂ ಬೆರಳಚ್ಚಿನಂತೆ. ತೊಂದರೆ ಏನೆಂದರೆ, ಕೆಂಪು ಬಣ್ಣದ ಅಣುಗಳು ಬೆಳಕು ಬಿದ್ದೊಡನೆ ತಾವೇ ಹೊಳೆದು (ಇದೇ ಪ್ರತಿದೀಪ್ತಿ) ಆ ಬೆರಳಚ್ಚನ್ನು ಮುಳುಗಿಸಿಬಿಡುತ್ತವೆ. ಜಾತ್ರೆಯ ಮೈಕಿನ ಮುಂದೆ ಪಿಸುಮಾತಾಡಿದ ಹಾಗೆ. ಆ ಅಣುಗಳನ್ನು ಬೆಳ್ಳಿಯ ಅತಿಸಣ್ಣ ಕಣಗಳಿಗೆ ಅಂಟಿಸಿದರೆ ಮೈಕು ತಣ್ಣಗಾಗುತ್ತದೆ, ಪಿಸುಮಾತು ಲಕ್ಷಗಟ್ಟಲೆ ಪಟ್ಟು ಜೋರಾಗುತ್ತದೆ. ಕಣ್ಣಿಗೆ ಕಾಣದಷ್ಟು ಚೂರು ಸಾಕು.

ಹೀಗೆ ಸಿಕ್ಕ ಸುಳಿವಿನಿಂದ ಸಂಗ್ರಹಾಲಯದವರು ಕಂಪ್ಯೂಟರ್‌ನಲ್ಲಿ ಹಳೆಯ ಆಕಾಶವನ್ನು ಮತ್ತೆ ಮೂಡಿಸಿದರು. ಅಲ್ಲಿ ಸೂರ್ಯ ಮುಳುಗುತ್ತಿದ್ದಾನೆ.