ಎರಡು ಕಾಯಿಲ್, ಒಂದೇ ಕೋರ್: ಚಾರ್ಜರ್ ಚಿಕ್ಕದಾದ ಹಿನ್ನೆಲೆ

ಮಂಗಳೂರಿನ ಹಂಪನಕಟ್ಟೆ ಕಡೆಯ ಯಾವುದಾದರೂ ಹಳೆಯ ರಿಪೇರಿ ಅಂಗಡಿಗೆ ಹೋಗಿ, ಬಿಚ್ಚಿಟ್ಟ ಮಾಲಿನ ರಾಶಿಗೆ ಕೈ ಹಾಕಿ. ಕೈಗೆ ಮೊದಲು ಭಾರ ಎನಿಸುವುದು ಟ್ರಾನ್ಸ್‌ಫಾರ್ಮರ್. ಸ್ಟೆಬಿಲೈಜರ್‌ನದ್ದು, ಟೇಪ್ ರೆಕಾರ್ಡರ್‌ನದ್ದು, ಯಕ್ಷಗಾನದ ಮೈಕ್ ಸೆಟ್ಟಿನ ಆಂಪ್ಲಿಫೈಯರ್‌ನದ್ದು. ತೆಳುವಾದ ಉಕ್ಕಿನ ತಗಡುಗಳನ್ನು ಒತ್ತಾಗಿ ಜೋಡಿಸಿದ ಕೋರ್. ಎರಡು ಮಳೆಗಾಲ ಕಳೆದರೆ ಸಾಕು, ಕರಾವಳಿಯ ಉಪ್ಪುಗಾಳಿಗೆ ಅಂಚೆಲ್ಲ ತುಕ್ಕು. ಅದೇ ಮೇಜಿನ ಮೇಲೆ ಈಗಿನ 65 ವಾಟ್ ಲ್ಯಾಪ್‌ಟಾಪ್ ಚಾರ್ಜರ್ ಇಟ್ಟು ನೋಡಿ. ಮುಷ್ಟಿಯೊಳಗೆ ಅಡಗುತ್ತದೆ.

ಚಿಪ್ ಸಣ್ಣದಾಗಿದ್ದಕ್ಕೆ ಚಾರ್ಜರೂ ಸಣ್ಣದಾಯಿತು ಎಂದುಕೊಳ್ಳುವವರೇ ಜಾಸ್ತಿ. ಅದು ಅರ್ಧ ಮಾತ್ರ ಸರಿ. ಚಾರ್ಜರ್ ಒಡೆದು ನೋಡಿದರೆ ಚಿಪ್ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ. ಜಾಗ ತಿನ್ನುವುದು ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್ ಮತ್ತು ರಿಪೇರಿಯವರು ಚೋಕ್ ಎನ್ನುವ ಇಂಡಕ್ಟರ್, ಅಂದರೆ ಕರೆಂಟಿನ ಏರಿಳಿತ ತಡೆಯುವ ತಂತಿಯ ಸುತ್ತು. ಇವುಗಳಲ್ಲಿ ತಾಮ್ರ ಸುತ್ತಿದ ಭಾಗಗಳನ್ನು ಕುಗ್ಗಿಸುವುದು ಐವತ್ತು ವರ್ಷಗಳಿಂದ ಎಂಜಿನಿಯರುಗಳಿಗೆ ತಲೆನೋವು.

ಮೂಲ ನಿಯಮ 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು. ಕಾಯಿಲ್‌ನಲ್ಲಿ ವೋಲ್ಟೇಜ್ ಹುಟ್ಟಬೇಕಾದರೆ ಅದರೊಳಗಿನ ಮ್ಯಾಗ್ನೆಟಿಕ್ ಫ್ಲಕ್ಸ್, ಅಂದರೆ ಅದರೊಳಗೆ ಹಾಯುವ ಕಾಂತಕ್ಷೇತ್ರದ ಮೊತ್ತ, ಬದಲಾಗುತ್ತಲೇ ಇರಬೇಕು. ನಿಧಾನವಾಗಿ ಬದಲಾದರೆ ತುಂಬಾ ಫ್ಲಕ್ಸ್ ಬೇಕು, ಅಂದರೆ ದಪ್ಪ ಕೋರ್ ಬೇಕು. ನಮ್ಮ ಮನೆಯ ಕರೆಂಟ್ ಸೆಕೆಂಡಿಗೆ 50 ಸಲ ಮಾತ್ರ ಹಿಂದೆ ಮುಂದೆ ಹೋಗುತ್ತದೆ. ಅದನ್ನೇ ಒಂದು ಲಕ್ಷ ಸಲ ಮಾಡಿದರೆ? ಸುತ್ತು ಅಷ್ಟೇ ಇದ್ದರೂ ಕೋರ್‌ನ ಅಡ್ಡಕೊಯ್ತದ ವಿಸ್ತೀರ್ಣ 2000 ಪಟ್ಟು ಕಮ್ಮಿ ಸಾಕು. ಆದರೆ ಆ ವೇಗಕ್ಕೆ ಉಕ್ಕಿನ ತಗಡು ಕೆಂಡದಂತೆ ಕಾಯುತ್ತದೆ. ಹಾಗಾಗಿ ಫೆರೈಟ್ ಬೇಕು. ಕಾಂತಕ್ಷೇತ್ರದ ಅಳತೆಯಲ್ಲಿ ಉಕ್ಕು ಸುಮಾರು 1.5 ಟೆಸ್ಲಾ ತಡೆದರೆ, ಫೆರೈಟ್ ತಡೆಯುವುದು 0.3ರ ಆಸುಪಾಸು. ಐದನೇ ಒಂದು ಭಾಗ ಅಲ್ವಾ? ಅಲ್ಲಿಗೆ 2000 ಪಟ್ಟಿನ ಲಾಭ 400ಕ್ಕೆ ಇಳಿಯಿತು. ಬಿಸಿ ತಡೆಯಲು ಇನ್ನಷ್ಟು ಬಿಟ್ಟುಕೊಡಬೇಕು. ಆದರೂ ಉಳಿಯುವುದು ದೊಡ್ಡ ಲಾಭವೇ.

ಫೆರೈಟ್ ಹುಟ್ಟಿದ್ದು 1930ರಲ್ಲಿ, ಟೋಕಿಯೊದಲ್ಲಿ. ಯೊಗೊರೊ ಕಾಟೊ ಮತ್ತು ತಕೇಶಿ ತಕೆಯಿ ಎಂಬ ಇಬ್ಬರ ಕೆಲಸ. ಅದನ್ನು ಮಾರಾಟದ ಸರಕು ಮಾಡಲೆಂದೇ 1935ರಲ್ಲಿ ಟಿಡಿಕೆ ಕಂಪನಿ ಶುರುವಾಯಿತು. ಹಳೆಯ ಕ್ಯಾಸೆಟ್ ಮೇಲೆ ಕಾಣುತ್ತಿದ್ದ ಅದೇ ಟಿಡಿಕೆ. ಫೆರೈಟ್ ಅಂದರೆ ಕಬ್ಬಿಣದ ಆಕ್ಸೈಡ್ ಬೆರೆತ ಸೆರಾಮಿಕ್, ಆಗಲೇ ಆಕ್ಸೈಡ್ ಆಗಿರುವುದರಿಂದ ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ. ಮಲ್ಪೆ, ಉಳ್ಳಾಲದ ಮನೆಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಬಿದ್ದರೆ ಮಾತ್ರ ಸೀಳುತ್ತದೆ.

ವೇಗವಾಗಿ ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್ ಅಗ್ಗವಾದ ಮೇಲೆ, 1970ರ ದಶಕದಲ್ಲಿ ಈ ದಾರಿ ಜನರ ಮನೆಯತ್ತ ತಿರುಗಿತು. 1977ರ ಆ್ಯಪಲ್ 2 ಕಂಪ್ಯೂಟರಿಗೆ ರಾಡ್ ಹೋಲ್ಟ್ ಮಾಡಿದ್ದು ಇಂಥದ್ದೇ ಪವರ್ ಸಪ್ಲೈ. ನಾವು ಎಸ್‌ಎಂಪಿಎಸ್ ಎನ್ನುವುದು ಇದಕ್ಕೇ. ವೇಗದಿಂದ ಒಂದೊಂದು ಭಾಗವೂ ಸಣ್ಣದಾಯಿತು, ನಿಜ. ಭಾಗಗಳ ಸಂಖ್ಯೆ ಹಾಗೇ ಉಳಿಯಿತು. ಒಳಗೆ ಬರುವ ಕರೆಂಟಿಗೆ ಒಂದು ಚೋಕ್, ಹೊರಗೆ ಹೋಗುವುದಕ್ಕೆ ಇನ್ನೊಂದು, ನಡುವೆ ಟ್ರಾನ್ಸ್‌ಫಾರ್ಮರ್.

ಇಲ್ಲಿಗೆ ಬರುತ್ತಾರೆ ಸ್ಲೊಬೊಡಾನ್ ಚುಕ್. ಯುಗೊಸ್ಲಾವಿಯದಿಂದ ಅಮೆರಿಕದ ಕ್ಯಾಲ್‌ಟೆಕ್‌ಗೆ ಓದಲು ಹೋದವರು. ಎಲೆಕ್ಟ್ರಿಕಲ್ ಓದಿದ ಸುರತ್ಕಲ್, ಮಣಿಪಾಲದ ಹುಡುಗರಿಗೆ ಒಂದು ಡಿಸಿ ವೋಲ್ಟೇಜನ್ನು ಇನ್ನೊಂದಕ್ಕೆ ಬದಲಿಸುವ ಚುಕ್ ಕನ್ವರ್ಟರ್ ಹೆಸರು ಪರಿಚಯ, ಪರೀಕ್ಷೆಯ ಭಯದಿಂದಾದರೂ. ತಮ್ಮ ಸರ್ಕಿಟ್‌ನಲ್ಲಿ ಚುಕ್ ಒಂದು ವಿಷಯ ಗಮನಿಸಿದರು. ಎರಡೂ ಚೋಕ್‌ಗಳ ಮೇಲೆ ಬೀಳುವ ವೋಲ್ಟೇಜ್ ಒಂದೇ ಆಕಾರದ್ದು, ಒಂದೇ ಹೊತ್ತಿನದ್ದು. ಹಾಗಿದ್ದ ಮೇಲೆ ಎರಡಕ್ಕೂ ಬೇರೆ ಬೇರೆ ಕೋರ್ ಏಕೆ? ವಠಾರದಲ್ಲಿ ಎರಡು ಮನೆಗೆ ಒಂದೇ ನಡುಗೋಡೆ ಇದ್ದ ಹಾಗೆ, ಎರಡು ಕಾಯಿಲ್‌ಗೆ ಒಂದೇ ಕೋರ್ ಸಾಕು.

ಸುಮ್ನೆ ಜಾಗ ಉಳಿಸಿದ್ದಷ್ಟೇ ಆಗಿದ್ದರೆ ಇದು ದೊಡ್ಡ ಸುದ್ದಿಯಾಗುತ್ತಿರಲಿಲ್ಲ. ಒಂದೇ ಕೋರ್‌ನಲ್ಲಿದ್ದರೆ ಮೊದಲ ಕಾಯಿಲ್ ಎರಡನೆಯದರಲ್ಲೂ ವೋಲ್ಟೇಜ್ ಹುಟ್ಟಿಸುತ್ತದೆ. ಹಾಗೆ ಹುಟ್ಟಿದ್ದು, ಹೊರಗಿನಿಂದ ಬೀಳುವುದು, ಎರಡೂ ಸರಿಸಮ ಆಗುವಂತೆ ಸುತ್ತು ಮತ್ತು ಕೋರ್ ನಡುವೆ ಬಿಟ್ಟ ಗಾಳಿಯ ಸಂದು ಹೊಂದಿಸಿದರೆ? ಆ ಕಾಯಿಲ್‌ನ ಕರೆಂಟನ್ನು ಕುಲುಕಾಡಿಸಲು ಏನೂ ಉಳಿಯುವುದಿಲ್ಲ. ರಿಪಲ್, ಅಂದರೆ ಆ ಕುಲುಕಾಟ, ಸೊನ್ನೆ. ಆಮೇಲೆ ಅವರು ಟ್ರಾನ್ಸ್‌ಫಾರ್ಮರನ್ನೂ ಅದೇ ಕೋರ್‌ಗೆ ಸುತ್ತಿ, ಎರಡೂ ತುದಿಯ ರಿಪಲ್ ತೆಗೆಯುವ ದಾರಿ ತೋರಿಸಿದರು. 1981ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಇಷ್ಟು ಚೆಂದದ ಉಪಾಯ ಮರುದಿನವೇ ಎಲ್ಲ ಕಾರ್ಖಾನೆಗೂ ಹೋಗಬೇಕಿತ್ತಲ್ಲ? ಹೋಗಲಿಲ್ಲ. ಎಂಜಿನಿಯರುಗಳ ಸೋಮಾರಿತನ ಇದಕ್ಕೆ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಬೇರೆ ಬೇರೆ ಚೋಕ್ ಇದ್ದರೆ ಒಂದನ್ನು ಬದಲಿಸಿದಾಗ ಇನ್ನೊಂದು ಕೆಡುವುದಿಲ್ಲ. ಒಂದೇ ಕೋರ್ ಆದರೆ, ಒಂದು ಸುತ್ತು ಹೆಚ್ಚಿಸಿದರೂ ಎಲ್ಲ ಲೆಕ್ಕವೂ ಅಲ್ಲಾಡುತ್ತದೆ. ಗಾಳಿಯ ಸಂದು ಕೂದಲೆಳೆಯಷ್ಟು ತಪ್ಪಿದರೆ ಆ ಸೊನ್ನೆ ರಿಪಲ್ ಕಾಗದದಲ್ಲೇ ಉಳಿಯಿತು. ಬಿಡಿ ಚೋಕ್ ಕ್ಯಾಟಲಾಗ್‌ನಲ್ಲೇ ಸಿಗುತ್ತದೆ, ಇದನ್ನು ಹೇಳಿ ಮಾಡಿಸಬೇಕು. ಕೈಯಲ್ಲಿ ಸುತ್ತುವ ಕೂಲಿ ಬೇರೆ. ಹೀಗಿರುವಾಗ ಎರಡು ಅಗ್ಗದ ಭಾಗ ಹಾಕಿ ಮುಗಿಸುವುದೇ ಜಾಣತನ.

ಹಾಗಂತ ಕೂಡಿಸುವ ಕೆಲಸ ಅಲ್ಲಿಯವರೆಗೆ ನಡೆದೇ ಇರಲಿಲ್ಲ ಎಂದಲ್ಲ. ಹಳೆಯ ಡಬ್ಬ ಟಿವಿಯಲ್ಲಿ ರಿಪೇರಿಯವರು ಇಎಚ್‌ಟಿ ಎನ್ನುತ್ತಿದ್ದ ಭಾಗ ನೆನಪಿದೆಯಾ? ಪಿಕ್ಚರ್ ಟ್ಯೂಬಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ವೋಲ್ಟ್ ಕೊಡುತ್ತಿದ್ದದ್ದು. ಶಕ್ತಿ ಕೂಡಿಟ್ಟುಕೊಳ್ಳುವುದು, ವೋಲ್ಟೇಜ್ ಏರಿಸುವುದು, ಎರಡನ್ನೂ ಒಂದೇ ಕೋರ್ ಮಾಡುತ್ತಿತ್ತು. ಇಂದಿನ ಸಣ್ಣ ಮೊಬೈಲ್ ಚಾರ್ಜರಿನ ಫ್ಲೈಬ್ಯಾಕ್ ಎಂಬ ಸರ್ಕಿಟ್ ಅದೇ ವಂಶದ್ದು.

ಎಲ್‌ಸಿಡಿ ಟಿವಿ ಬಂದಾಗ ಆಟ ಬದಲಾಯಿತು. ಅದರ ಪವರ್ ಬೋರ್ಡ್ ತೆಗೆದು ಟ್ರಾನ್ಸ್‌ಫಾರ್ಮರ್ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಸಾಮಾನ್ಯವಾಗಿ ಕರೆಂಟ್ ಒಳಬರುವ ಪ್ರೈಮರಿ ಕಾಯಿಲ್ ಮೇಲೆಯೇ ಹೊರಕೊಡುವ ಸೆಕೆಂಡರಿ ಸುತ್ತುತ್ತಾರೆ, ಒತ್ತೊತ್ತಾಗಿ. ಇದರಲ್ಲಿ ತಂತಿ ಸುತ್ತುವ ಬಾಬಿನ್‌ಗೆ ನಡುವೆ ಪ್ಲಾಸ್ಟಿಕ್ ಅಡ್ಡಗೋಡೆ. ಒಂದು ಕಡೆ ಪ್ರೈಮರಿ, ಇನ್ನೊಂದು ಕಡೆ ಸೆಕೆಂಡರಿ. ಹೀಗೆ ದೂರ ಇಟ್ಟರೆ ಕೆಲವಷ್ಟು ಫ್ಲಕ್ಸ್ ಎರಡನೆಯದಕ್ಕೆ ತಲುಪದೆ ಸೋರುತ್ತದೆ. ಸಾಮಾನ್ಯವಾಗಿ ಈ ಸೋರಿಕೆಯನ್ನು ದೋಷ ಎಂದೇ ನೋಡುತ್ತಿದ್ದರು. ಆದರೆ ಈ ಪವರ್ ಬೋರ್ಡಿನಲ್ಲಿರುವ ಎಲ್‌ಎಲ್‌ಸಿ ಎಂಬ ಸರ್ಕಿಟ್‌ಗೆ ಹೇಗೂ ಒಂದು ಚೋಕ್ ಬೇಕು. ಬೇಕೆಂದೇ ಸೋರಿಸಿದರೆ ಆ ಸೋರಿಕೆಯೇ ಚೋಕ್ ಆಯಿತು. ಒಂದು ಭಾಗದ ದುಡ್ಡು ಪೂರ್ತಿ ಉಳಿಯಿತು. ಚುಕ್ ಅವರ ಸೊನ್ನೆ ರಿಪಲ್‌ಗಿಂತ ಈ ಒರಟು ಉಪಾಯವೇ ಹೆಚ್ಚು ಮನೆ ಹೊಕ್ಕಿತು ಎಂದರೆ ತಪ್ಪಾಗದು.

ಕಂಪ್ಯೂಟರ್ ಪ್ರಾಸೆಸರುಗಳದ್ದು ಬೇರೆ ಹಟ. ಒಂದು ವೋಲ್ಟ್ ಆಸುಪಾಸಿನಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು, ಅದೂ ಕೇಳಿದ ಕೂಡಲೇ. ಹಲವು ಸಣ್ಣ ಕನ್ವರ್ಟರುಗಳನ್ನು ಸರದಿಯಲ್ಲಿ ನಡೆಸಿ, ಅವುಗಳ ಚೋಕ್‌ಗಳನ್ನು ಒಂದೇ ಕೋರ್‌ಗೆ ಕಟ್ಟುವ ವಿಧಾನ 2000ದ ಆಚೀಚೆ ಬಂತು. 2013ರಲ್ಲಿ ಇಂಟೆಲ್ ತನ್ನ ಹ್ಯಾಸ್‌ವೆಲ್ ಪ್ರಾಸೆಸರಿನಲ್ಲಿ ಇನ್ನೂ ಮುಂದೆ ಹೋಗಿ, ಕಾಯಿಲನ್ನು ಚಿಪ್ಪಿನ ಪ್ಯಾಕೇಜಿನೊಳಗೇ ಇಟ್ಟಿತು. ಆ ಕಾಯಿಲಿಗೆ ಫೆರೈಟ್ ಕೋರ್ ಇಲ್ಲವೇ ಇಲ್ಲ.

ಸುತ್ತುವ ಕೂಲಿಯ ಗಂಟು ಬಿಡಿಸಿದ್ದು ಪಿಸಿಬಿ, ಅಂದರೆ ತಾಮ್ರದ ಗೆರೆ ಅಚ್ಚಾದ ಸರ್ಕಿಟ್ ಬೋರ್ಡ್. ಕರೆಂಟ್ ಹಿಂದೆ ಮುಂದೆ ಹೋಗುವ ವೇಗ ಹೆಚ್ಚಿದಷ್ಟೂ ಅದು ತಂತಿಯ ಒಳಗೆ ಹರಿಯದೆ ಮೇಲ್ಮೈಯಲ್ಲಿ ಓಡುತ್ತದೆ. ಲಕ್ಷ ಹರ್ಟ್ಸ್‌ನಲ್ಲಿ ಸುಮಾರು 0.2 ಮಿಲಿಮೀಟರ್ ಆಳ, ಹತ್ತು ಲಕ್ಷದಲ್ಲಿ 0.07 ಅಷ್ಟೇ. ಪಿಸಿಬಿಯ ಮಾಮೂಲಿ ತಾಮ್ರದ ಪದರ 0.035 ಮಿಲಿಮೀಟರ್. ಅಂದರೆ ಬೋರ್ಡಿನ ಮೇಲೆ ಅಚ್ಚು ಹಾಕಿದ ಸುತ್ತೇ ಸಾಕು, ಚಪ್ಪಟೆ ಫೆರೈಟನ್ನು ಮೇಲಿಂದ ಕೆಳಗಿಂದ ಕೂರಿಸಿದರೆ ಮುಗಿಯಿತು. ಸಾವಿರ ಬೋರ್ಡ್ ಮಾಡಿದರೂ ಸುತ್ತು, ಅಂತರ ಒಂದೇ ಥರ. ಚುಕ್ ಕಾಲದಲ್ಲಿ ಕೈ ಕೊಟ್ಟಿದ್ದ ಅಳತೆಯ ನಿಖರತೆ ಇಲ್ಲಿ ಪುಕ್ಕಟೆ ಸಿಗುತ್ತದೆ. ಅಷ್ಟು ವೇಗದಲ್ಲೂ ಹೆಚ್ಚು ಕಾಯದ ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್ ಜೊತೆಗೂಡಿದ ಮೇಲೆ ಚಾರ್ಜರ್ ಮುಷ್ಟಿಗೆ ಇಳಿಯಿತು.

ಅಗ್ಗ ಆಯಿತು, ಆದರೆ ಯಾರಿಗೆ? ಕಾರ್ಖಾನೆಗೆ ಖಂಡಿತ. ರಿಪೇರಿಯವನಿಗೆ ಇಲ್ಲ. ಸುಟ್ಟ ಹಳೆಯ ಟ್ರಾನ್ಸ್‌ಫಾರ್ಮರಿನ ಸುತ್ತು ಎಣಿಸಿ, ಅದೇ ಗೇಜಿನ ತಂತಿಯಲ್ಲಿ ಮರು ವೈಂಡಿಂಗ್ ಮಾಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಬೋರ್ಡಿನೊಳಗೆ ಅಚ್ಚಾದ ಕಾಯಿಲನ್ನು ಅವರು ಏನು ಮಾಡಬೇಕು? ಮೂರು ಕೆಲಸ ಮಾಡುವ ಭಾಗ ಕೆಟ್ಟರೆ ಮೂರೂ ಹೋದ ಹಾಗೆ. ಬಿಡಿಭಾಗವೂ ಅಂಗಡಿಯಲ್ಲಿ ಸಿಗದು.

ಇಷ್ಟಾದರೂ ಮಂಗಳೂರು, ಉಡುಪಿಯ ಎಷ್ಟೋ ಮನೆಗಳ ಇನ್ವರ್ಟರ್ ಒಳಗೆ 50 ಹರ್ಟ್ಸ್‌ನ ಆ ಭಾರದ ಟ್ರಾನ್ಸ್‌ಫಾರ್ಮರೇ ಕೂತಿದೆ. ಮಿಕ್ಸಿ ಶುರುವಾಗುವಾಗಿನ ಎಳೆತವನ್ನು ಅದು ತಡೆಯುತ್ತದೆ, ಕೆಟ್ಟರೆ ಸುತ್ತಿಸಬಹುದು. ತಮಾಷೆ ಎಂದರೆ, ಹಳಬನಾದ ಅದೂ ಕೂಡಿಸುವ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಕರೆಂಟ್ ಹೋದಾಗ ಬ್ಯಾಟರಿಯ 12 ವೋಲ್ಟನ್ನು 230 ಮಾಡುವುದೂ ಅದೇ, ಬಂದಾಗ ತಿರುಗಿ ಬ್ಯಾಟರಿ ಚಾರ್ಜ್ ಮಾಡುವುದೂ ಅದೇ. ಬಹಳಷ್ಟು ಸೈನ್ ವೇವ್ ಮಾಡೆಲ್‌ಗಳಲ್ಲಿ ಚಾರ್ಜಿಂಗ್‌ಗೆ ಬೇರೆ ಚೋಕ್ ಕೂಡ ಇರುವುದಿಲ್ಲ. ಅದೇ ವೈಂಡಿಂಗಿನ ಸೋರಿಕೆಯಿಂದಲೇ ಆ ಕೆಲಸವನ್ನೂ ಮಾಡಿಸಿಕೊಳ್ಳುತ್ತಾರೆ.