ಪೆಟ್ಟಿಗೆಯ ಮೇಲಿನ 1080ಪಿ: ಅಪ್‌ಸ್ಕೇಲಿಂಗ್ ಡಿವಿಡಿ ಪ್ಲೇಯರ್‌ನ ಹಿನ್ನೆಲೆ

ಕಡಿಮೆ ಬೆಲೆಯ ಡಿವಿಡಿ ಪ್ಲೇಯರ್‌ನ ಪೆಟ್ಟಿಗೆಯ ಮೇಲೆ ‘1080ಪಿ ಅಪ್‌ಸ್ಕೇಲಿಂಗ್’ (ಚಿತ್ರವನ್ನು 1080 ಗೆರೆಗಳಿಗೆ ಹಿಗ್ಗಿಸುವುದು) ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದನ್ನು ಕಂಡವರು ಹಳೆಯ ಡಿಸ್ಕಿನಿಂದಲೇ ಹೈ ಡೆಫಿನಿಷನ್ ಚಿತ್ರ ಹೊರಬರುತ್ತದೆಂದು ನಂಬುವುದು ಸಹಜ. ಡಿಸ್ಕಿನಲ್ಲಿ ಇಲ್ಲದ ವಿವರವನ್ನು ಯಾವ ಪ್ಲೇಯರೂ ತಂದುಕೊಡಲಾರದು. ಹಾಗಿದ್ದರೂ ಇಂಥ ಪ್ಲೇಯರ್‌ಗಳ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವಿದೆ. ಅದು ಪೆಟ್ಟಿಗೆಯ ಮೇಲಿನ ಸಂಖ್ಯೆಯಲ್ಲಿಲ್ಲ ಎಂಬುದನ್ನು ಅರಿತರೆ ಕೊಳ್ಳುವವರ ಹಣವೂ ಉಳಿಯುತ್ತದೆ, ಚಿತ್ರವೂ ಸುಧಾರಿಸುತ್ತದೆ.

ಡಿವಿಡಿ 1996ರ ನವೆಂಬರ್‌ನಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಆಗ ಮನೆಗಳಲ್ಲಿದ್ದದ್ದು ಪಿಕ್ಚರ್ ಟ್ಯೂಬಿನ ಟಿವಿ. ಆದ್ದರಿಂದ ಭಾರತ ಮತ್ತು ಯುರೋಪಿನ ಪಾಲ್ ಪದ್ಧತಿಯಲ್ಲಿ ಡಿವಿಡಿಯ ಚಿತ್ರ 720×576 ಪಿಕ್ಸೆಲ್‌ಗಳಿಗೆ, ಅಮೆರಿಕ ಮತ್ತು ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 720×480ಕ್ಕೆ ನಿಂತಿತು. 1920×1080ರ ಫುಲ್ ಎಚ್‌ಡಿ ಪರದೆಯಲ್ಲಿ ಪಾಲ್ ಡಿವಿಡಿಯ ಸರಿಯಾಗಿ ಐದು ಪಟ್ಟು, ಎನ್‌ಟಿಎಸ್‌ಸಿ ಡಿವಿಡಿಯ ಆರು ಪಟ್ಟು ಪಿಕ್ಸೆಲ್‌ಗಳಿರುತ್ತವೆ. ಉಳಿದವನ್ನು ಯಾರಾದರೂ ಲೆಕ್ಕ ಹಾಕಿ ತುಂಬಲೇಬೇಕು. ಪ್ಲೇಯರ್ ತುಂಬದಿದ್ದರೆ ಟಿವಿ ತುಂಬುತ್ತದೆ. ಅಪ್‌ಸ್ಕೇಲಿಂಗ್ ಇಲ್ಲದ ಹಳೆಯ ಪ್ಲೇಯರ್ ಜೋಡಿಸಿದರೂ ಚಿತ್ರ ಪರದೆಯ ತುಂಬ ಬರುವುದು ಇದೇ ಕಾರಣಕ್ಕೆ.

ಹೀಗೆ ಹಿಗ್ಗಿಸುವ ಕೆಲಸ ಅಷ್ಟೇನೂ ಕಷ್ಟದ್ದಲ್ಲ. ನಿಜವಾದ ಕಷ್ಟ ಅದಕ್ಕಿಂತ ಒಂದು ಹೆಜ್ಜೆ ಹಿಂದಿದೆ. ಟ್ಯೂಬ್ ಟಿವಿ ಒಂದು ಸಲ ಬೆಸ ಗೆರೆಗಳನ್ನು, ಮತ್ತೊಂದು ಸಲ ಸಮ ಗೆರೆಗಳನ್ನು ಬಿಡಿಸುತ್ತಿತ್ತು. ಇದನ್ನೇ ಇಂಟರ್‌ಲೇಸ್ ಎನ್ನುತ್ತಾರೆ. ಎಲ್‌ಸಿಡಿ ಮತ್ತು ಪ್ಲಾಸ್ಮಾ ಪರದೆಗಳು ಇಡೀ ಚಿತ್ರವನ್ನು ಒಮ್ಮೆಗೇ ತೋರಿಸುವುದರಿಂದ ಈ ಎರಡು ಅರ್ಧಗಳನ್ನು ಮೊದಲು ಒಂದಾಗಿಸಬೇಕು. ಸಿನಿಮಾ ರೀಲಿನಿಂದ ಬಂದ ಡಿಸ್ಕಿನಲ್ಲಿ ಎರಡೂ ಅರ್ಧಗಳು ಒಂದೇ ಫ್ರೇಮಿನವಾಗಿರುವುದರಿಂದ, ಪ್ಲೇಯರ್ ಅವುಗಳ ಜೋಡಿಯನ್ನು ಸರಿಯಾಗಿ ಗುರುತಿಸಿದರೆ ಮೂಲ ಚಿತ್ರ ನಷ್ಟವಿಲ್ಲದೆ ಮರಳಿ ಸಿಗುತ್ತದೆ. ವಿಡಿಯೊ ಕ್ಯಾಮೆರಾದಲ್ಲಿ ತೆಗೆದ ಮದುವೆ, ನಾಟಕ, ಯಕ್ಷಗಾನ ಪ್ರಸಂಗಗಳ ಸಂಗತಿ ಬೇರೆ. ಅಲ್ಲಿ ಎರಡು ಅರ್ಧಗಳ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಕಾಲ ಸರಿದಿರುತ್ತದೆ. ಅವನ್ನು ಸುಮ್ಮನೆ ಸೇರಿಸಿದರೆ, ಚಲಿಸುವ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಳ್ಳುತ್ತದೆ. ಒಂದು ಅರ್ಧವನ್ನು ಎಸೆದುಬಿಟ್ಟರೆ ಚಿತ್ರದ ವಿವರವೇ ಕರಗುತ್ತದೆ. ಪರದೆಯ ಯಾವ ಭಾಗ ಚಲಿಸುತ್ತಿದೆ, ಯಾವುದು ನಿಂತಿದೆ ಎಂದು ಕ್ಷಣಕ್ಷಣಕ್ಕೂ ನಿರ್ಧರಿಸುವ ಈ ಡಿಇಂಟರ್‌ಲೇಸಿಂಗ್ ಕೆಲಸದಲ್ಲೇ ಒಳ್ಳೆಯ ಪ್ಲೇಯರ್ ಮತ್ತು ಸಾಧಾರಣ ಪ್ಲೇಯರ್ ಬೇರೆಯಾಗುತ್ತವೆ.

ಈ ವಿದ್ಯೆಯಲ್ಲಿ ಮೊದಲು ಹೆಸರು ಮಾಡಿದವರು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದ ಯೀವ್ ಫರೂಜಾ. ಅರ್ಧ ಚಿತ್ರಗಳನ್ನು ಇಡೀ ಚಿತ್ರವಾಗಿಸುವ ಅವರ ಸಂಸ್ಥೆಯ ಲೈನ್ ಡಬ್ಲರ್‌ಗಳು ಶ್ರೀಮಂತರ ಹೋಮ್ ಥಿಯೇಟರ್‌ಗಳಿಗಷ್ಟೇ ಎಟುಕುತ್ತಿದ್ದವು. 1999ರ ಸುಮಾರಿಗೆ, ಎರಡು ಅರ್ಧಗಳನ್ನು ತಾವೇ ಒಂದಾಗಿಸಿ ಕಳಿಸುವ ಪ್ರೊಗ್ರೆಸಿವ್ ಸ್ಕ್ಯಾನ್ ಡಿವಿಡಿ ಪ್ಲೇಯರ್‌ಗಳು ಬಂದವು. ಓರೆ ಗೆರೆಗಳ ಮೆಟ್ಟಿಲು ಮೆಟ್ಟಿಲಾದ ಅಂಚನ್ನು ನಯಗೊಳಿಸುವ ಫರೂಜಾ ತಂತ್ರ ಚಿಪ್‌ನ ರೂಪದಲ್ಲಿ ಪ್ಲೇಯರ್‌ಗಳೊಳಗೆ ಸೇರಿತು.

ಆಗಲೇ ಈ ಪ್ಲೇಯರ್‌ಗಳು 1080 ಗೆರೆಗಳನ್ನೂ ಕೊಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ತಂತ್ರಜ್ಞಾನದಲ್ಲಿಲ್ಲ, ಪರವಾನಗಿಯ ಷರತ್ತಿನಲ್ಲಿದೆ. ಸಿನಿಮಾ ಡಿವಿಡಿಗಳಿಗೆ ಸಿಎಸ್‌ಎಸ್ ಎಂಬ ಬೀಗವಿತ್ತು. ಆ ಬೀಗ ತೆರೆಯುವ ಪರವಾನಗಿ ಪಡೆದ ತಯಾರಕರು ಅನಲಾಗ್ ಕಾಂಪೊನೆಂಟ್ ತಂತಿಯ ಮೂಲಕ 480 ಅಥವಾ 576 ಗೆರೆಗಳಿಗಿಂತ ಹೆಚ್ಚಿನದನ್ನು ಕಳಿಸುವಂತಿರಲಿಲ್ಲ. ಹಿಗ್ಗಿಸಿದ ಚಿತ್ರ ಹೊರಹೋಗಬೇಕಾದರೆ ನಕಲು ತಡೆಯುವ ಎಚ್‌ಡಿಸಿಪಿ ರಕ್ಷಣೆಯಿರುವ ಡಿಜಿಟಲ್ ತಂತಿಯೇ ಬೇಕು. 1999ರ ಡಿವಿಐ ಮತ್ತು 2002ರ ಡಿಸೆಂಬರ್‌ನಲ್ಲಿ ಬಂದ ಎಚ್‌ಡಿಎಂಐ ಆ ದಾರಿಯನ್ನು ಒದಗಿಸಿದವು. 2003ರಲ್ಲಿ ಸ್ಯಾಮ್‌ಸಂಗ್‌ನ ಡಿವಿಡಿ-ಎಚ್‌ಡಿ931, ಮುಂದೆ ವಿಜಿಯೊ ಎಂದು ಹೆಸರಾದ ಸಂಸ್ಥೆಯ ಬ್ರಾವೊ ಡಿ1 ಡಿವಿಐ ಕಿಂಡಿಯೊಂದಿಗೆ ಅಂಗಡಿಗೆ ಬಂದವು. ಅದಕ್ಕೂ ಮೊದಲೇ ಭಾರಿ ಬೆಲೆ ತೆತ್ತು ಎಚ್‌ಡಿ ಟಿವಿ ಕೊಂಡವರ ಬಳಿ ಕಾಂಪೊನೆಂಟ್ ಕಿಂಡಿ ಮಾತ್ರ ಇದ್ದುದರಿಂದ ಅವರಿಗೆ ಇದರ ಪ್ರಯೋಜನ ದಕ್ಕಲಿಲ್ಲ. ಹೊಸದನ್ನು ಮೊದಲು ನಂಬಿ ಕೊಂಡವರಿಗೇ ಆದ ಅನ್ಯಾಯವದು.

ಬೆಲೆ ಇಳಿದ ಬಗೆಯೂ ತಿಳಿಯಬೇಕಾದದ್ದೇ. 2005ರಲ್ಲಿ ಒಪ್ಪೊ ಡಿಜಿಟಲ್ ಫರೂಜಾ ಚಿಪ್ ಇರುವ ಪ್ಲೇಯರನ್ನು ಸುಮಾರು 200 ಡಾಲರ್‌ಗೆ ಕೊಟ್ಟಿತು. ಮರುವರ್ಷ ಅದರ ಡಿವಿ-970ಎಚ್‌ಡಿ 149 ಡಾಲರ್‌ಗೆ ಸಿಕ್ಕಿತು. ಅನೇಕ ಪಟ್ಟು ಬೆಲೆಯ ಯಂತ್ರಗಳೊಂದಿಗೆ ಇವು ಸರಿಸಮನಾಗಿ ನಿಂತದ್ದು ಇಡೀ ಮಾರುಕಟ್ಟೆಯ ಲೆಕ್ಕವನ್ನೇ ಬದಲಿಸಿತು. ಅತ್ತ ಮೀಡಿಯಾಟೆಕ್‌ನಂಥ ಚಿಪ್ ತಯಾರಕರು ಡಿಕೋಡಿಂಗ್‌ನಿಂದ ಹಿಡಿದು ಹಲವು ಕೆಲಸಗಳನ್ನು ಒಂದೇ ಚಿಪ್‌ನಲ್ಲಿ ಅಡಕಗೊಳಿಸಿದ್ದರಿಂದ, ಫಿಲಿಪ್ಸ್‌ನ ಡಿವಿಪಿ5960ರಂಥ ಎಚ್‌ಡಿಎಂಐ ಪ್ಲೇಯರ್‌ಗಳು ನೂರು ಡಾಲರ್‌ಗಿಂತ ಕೆಳಗೆ ಇಳಿದವು. 2006ರಲ್ಲಿ ಶುರುವಾದ, ಹೈ ಡೆಫಿನಿಷನ್ ಡಿಸ್ಕುಗಳಾದ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಪೈಪೋಟಿಯಲ್ಲಿ ಯಾವುದು ಉಳಿಯುತ್ತದೋ ತಿಳಿಯದೆ ಕಾದು ಕುಳಿತವರಿಗೆ ಇವು ಆಸರೆಯಾದವು. 2008ರ ಫೆಬ್ರುವರಿಯಲ್ಲಿ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟ ತೋಷಿಬಾ ಕೂಡ ಅದೇ ವರ್ಷ ಎಕ್ಸ್‌ಡಿ-ಇ500 ಎಂಬ ಅಪ್‌ಸ್ಕೇಲಿಂಗ್ ಪ್ಲೇಯರನ್ನು 150 ಡಾಲರ್‌ಗೆ ಹೊರತಂದಿತು.

ನಮ್ಮಲ್ಲಿ ಡಿಸ್ಕುಗಳ ಕಥೆಯೇ ಬೇರೆ. ಡಿಸ್ಕು ತಯಾರಿಸುತ್ತಿದ್ದ ಮೋಸರ್ ಬೇರ್ ಸಂಸ್ಥೆ 2007ರಲ್ಲಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿದ ಮೇಲೆ ಸಾಮಾನ್ಯ ಮನೆಗಳಲ್ಲೂ ಡಿಸ್ಕುಗಳ ಸಂಗ್ರಹ ಬೆಳೆಯಿತು. ವಿಸಿಡಿಯ ಚಿತ್ರ 352×288 ಮಾತ್ರ, ಎಂದರೆ ಫುಲ್ ಎಚ್‌ಡಿಯ ಇಪ್ಪತ್ತನೇ ಒಂದು ಭಾಗಕ್ಕೂ ಕಡಿಮೆ. ಒಂದೇ ಡಿವಿಡಿಯಲ್ಲಿ ಎರಡು ಮೂರು ಸಿನಿಮಾಗಳನ್ನು ತುರುಕಿದಲ್ಲಿ ಅತಿಯಾದ ಸಂಕುಚನದಿಂದ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅಪ್‌ಸ್ಕೇಲಿಂಗ್ ಚಿತ್ರವನ್ನು ಹಿಗ್ಗಿಸುವಾಗ ಈ ಚೌಕಗಳನ್ನೂ ಹಿಗ್ಗಿಸುತ್ತದೆ. ಇಂಥ ಡಿಸ್ಕುಗಳೇ ಹೆಚ್ಚಿರುವವರು ದುಬಾರಿ ಪ್ಲೇಯರ್‌ಗೆ ಹಣ ಸುರಿಯುವುದನ್ನು ನಾನು ಒಪ್ಪಲಾರೆ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಊರಿನಿಂದ ಒಯ್ದ ಪಾಲ್ ಡಿಸ್ಕು ಎಲ್ಲ ವಲಯಗಳಿಗೂ (ಡಿಸ್ಕು ಯಾವ ದೇಶಗಳಲ್ಲಿ ಓಡಬಹುದೆಂದು ಮಾಡಿದ ವಿಂಗಡಣೆ) ಮುಕ್ತವಾಗಿದ್ದರೂ ಅಲ್ಲಿನ ಅನೇಕ ಪ್ಲೇಯರ್‌ಗಳು ಅದನ್ನು ಓದುವುದಿಲ್ಲ, ಅನೇಕ ಟಿವಿಗಳು ಪಾಲ್ ಪದ್ಧತಿಯ 50 ಹರ್ಟ್ಸ್ (ಸೆಕೆಂಡಿಗೆ 50 ಅರ್ಧ ಚಿತ್ರಗಳ) ಸಂಕೇತವನ್ನು ಸ್ವೀಕರಿಸುವುದಿಲ್ಲ. ಪಾಲ್ ಡಿಸ್ಕನ್ನು ಅಲ್ಲಿನ 60 ಹರ್ಟ್ಸ್‌ಗೆ ಬದಲಾಯಿಸಿ ಕೊಡುವ ಪ್ಲೇಯರನ್ನೇ ಅವರು ಕೇಳಿ ಕೊಳ್ಳಬೇಕು. ವಲಯದ ಬೀಗ ಮತ್ತು ಪಾಲ್-ಎನ್‌ಟಿಎಸ್‌ಸಿ ಭೇದ ಎರಡೂ ಬೇರೆ ಬೇರೆ ಎಂಬುದು ಅಂಗಡಿಯವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಕೊಂಡ ಮೇಲೆ ಮೊದಲು ನೋಡಬೇಕಾದ್ದು ಪ್ಲೇಯರ್‌ನ ಸೆಟ್ಟಿಂಗ್. ಟಿವಿಯ ಆಕಾರ 4:3 ಎಂದೇ ಉಳಿದಿದ್ದರೆ, ಅಗಲ ಪರದೆಗೆಂದು ತಯಾರಾದ ಡಿಸ್ಕಿನ ಗೆರೆಗಳಲ್ಲಿ ಕಾಲು ಭಾಗವನ್ನು ಪ್ಲೇಯರ್ ಕಳೆದುಬಿಡುತ್ತದೆ. ಆಮೇಲೆ ಎಷ್ಟು ಹಿಗ್ಗಿಸಿದರೂ ಅದು ಮರಳಿ ಬಾರದು. ಅದನ್ನು 16:9ಕ್ಕೆ ಬದಲಿಸಿ, ಔಟ್‌ಪುಟ್ ಅನ್ನು ಒಮ್ಮೆ 1080ಪಿ ಇಟ್ಟು, ಇನ್ನೊಮ್ಮೆ 576ಪಿ ಇಟ್ಟು ಹೋಲಿಸಬೇಕು. ಟಿವಿಯೊಳಗಿನ ಸ್ಕೇಲರ್ ಚೆನ್ನಾಗಿದ್ದರೆ ಎರಡನೆಯದೇ ಹಿತವಾಗಿ ಕಾಣಬಹುದು. 4ಕೆ ಟಿವಿಯಲ್ಲಂತೂ 1080ಪಿ ಬಂದರೂ ಟಿವಿ ಮತ್ತೆ ನಾಲ್ಕು ಪಟ್ಟು ಹಿಗ್ಗಿಸಲೇಬೇಕು. ಬ್ಲೂ-ರೇ ಪ್ಲೇಯರ್‌ಗಳೂ ಡಿವಿಡಿಯನ್ನು ಹಿಗ್ಗಿಸಿ ತೋರಿಸುವುದರಿಂದ ಬೆಲೆ ಹೊಂದುವುದಾದರೆ ಅವನ್ನೂ ಪರಿಗಣಿಸಬಹುದು. ಆದರೆ ಭಾರತ ಡಿವಿಡಿಗೆ 5ನೇ ವಲಯ, ಬ್ಲೂ-ರೇಗೆ ಸಿ ವಲಯ ಎಂಬುದನ್ನು ನೋಡಿಕೊಳ್ಳಬೇಕು.

ಪ್ಲೇಯರ್ ಆರಿಸಲು ಹೋಗುವಾಗ ಅಂಗಡಿಯ ಪ್ರದರ್ಶನದ ಡಿಸ್ಕನ್ನು ನೆಚ್ಚದೆ ಮನೆಯ ಡಿಸ್ಕುಗಳನ್ನೇ ಒಯ್ಯುವುದು ಒಳ್ಳೆಯದು. ಸಿನಿಮಾದ ಕೊನೆಯಲ್ಲಿ ಮೇಲೇರುವ ಹೆಸರುಗಳ ಸಾಲು ನಡುಗದೆ ಸಾಗುತ್ತದೆಯೇ, ಯಕ್ಷಗಾನದ ವೇಷಧಾರಿ ದಿಗಿಣ ಹಾಕುವಾಗ ಉಡುಪಿನ ಅಂಚು ಸೀಳದೆ ಉಳಿಯುತ್ತದೆಯೇ ಎಂದು ಪರದೆಯ ಹತ್ತಿರ ನಿಂತು ನೋಡಿದರೆ ಒಳಗಿನ ಚಿಪ್‌ನ ಯೋಗ್ಯತೆ ಅಲ್ಲೇ ತಿಳಿಯುತ್ತದೆ.